ಮೂರು ನಿಮಿಷಕ್ಕೆ ಸಾಕಾಗುವಷ್ಟು ಛಲ

ಪ್ರೀತಿಯ ಚಂದ್ರು,

ನೀನು ವಾಟ್ಸಾಪಿನಲ್ಲಿ ಕಳಿಸಿದ ಒಂದೇ ಸಾಲಿಗೆ ಇಷ್ಟುದ್ದ ಉತ್ತರ ಬರೆಯುತ್ತಿದ್ದೇನೆ, ಅದನ್ನೂ ಊರೆಲ್ಲ ಓದುವ ಹಾಗೆ ಪತ್ರಿಕೆಗೆ. ಬೇಜಾರು ಮಾಡಿಕೊಳ್ಳಬೇಡ, ಪೂರ್ತಿ ಹೆಸರು ಹಾಕಿಲ್ಲ. ಇಪ್ಪತ್ತೊಂಬತ್ತು ಮೂವತ್ತರ ಆಸುಪಾಸಿನಲ್ಲಿ ದಿನಕ್ಕೆ ಎಂಟು ಹತ್ತು ಸಿಗರೇಟು ಸೇದುತ್ತಾ, ಯುಗಾದಿಗೆ ಬಿಟ್ಟು ಬಸವ ಜಯಂತಿಗೆ ಮತ್ತೆ ಹಿಡಿಯುವ ಹುಡುಗರು ಪಿರಿಯಾಪಟ್ಟಣದಲ್ಲೂ ಇದ್ದಾರೆ, ನಿಮ್ಮ ಬೆಂಗಳೂರಿನಲ್ಲೂ ಇದ್ದಾರೆ. ನಿನಗೆ ಹೇಳುವುದನ್ನು ಅವರೂ ಕೇಳಿಸಿಕೊಳ್ಳಲಿ.

‘ಬಿಡಬೇಕು ಅಂತ ಇದೆ ಮಾವ, ವಿಲ್ ಪವರ್ ಇಲ್ಲ’ ಅಂದಿದ್ದೀಯ. ನಾನು ಒಪ್ಪುವುದಿಲ್ಲ. ಅಪ್ಪ ತೀರಿಕೊಂಡ ವರ್ಷ ರಾತ್ರಿ ಪಾಳಿಯಲ್ಲಿ ದುಡಿದು ತಂಗಿಯ ಫೀಸು ಕಟ್ಟಿದವನು ನೀನು. ಉಳಿದಿದ್ದ ಗಣಿತದ ಪೇಪರನ್ನು ಅದೇ ವರ್ಷ ಮತ್ತೆ ಬರೆದು ಪಾಸಾದೆ. ಛಲವಿಲ್ಲದವನ ಕೈಲಿ ಆಗುವ ಕೆಲಸಗಳಲ್ಲ ಅವು. ನಿನ್ನಲ್ಲಿರುವ ಛಲವನ್ನು ಹಾಕಬಾರದ ಕಡೆ ಹಾಕುತ್ತಿದ್ದೀಯ ಅನ್ನುವುದಷ್ಟೇ ನನ್ನ ತಕರಾರು.

ಎದುರಿಗಿರುವುದು ಏನು ಅಂತ ಮೊದಲು ತಿಳಿದುಕೋ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು ನಾನು, ಆದರೆ ಈ ಪಾಠ ಕಲಿತದ್ದು ಹೊಲದಲ್ಲಿ. ಹೊಗೆಸೊಪ್ಪಿನ ಗಿಡ ಮೊಗ್ಗು ಬಿಡುವ ಹೊತ್ತಿಗೆ ನಾವು ಕುಡಿ ಮುರಿಯುತ್ತೇವಲ್ಲ, ಸಣ್ಣವನಿದ್ದಾಗ ನೀನೂ ನಮ್ಮ ಜೊತೆ ಸಾಲಿನಲ್ಲಿ ಓಡಾಡಿದ್ದೀಯ. ಕುಡಿ ಮುರಿದರೆ ಎಲೆ ಅಗಲವಾಗುತ್ತದೆ, ದಪ್ಪವಾಗುತ್ತದೆ, ಜೊತೆಗೆ ಅದರಲ್ಲಿ ನಿಕೋಟಿನ್ನೂ ಏರುತ್ತದೆ. ಗಿಡ ಅದನ್ನು ಬೇರಿನಲ್ಲಿ ತಯಾರಿಸಿ ಎಲೆಗೆ ಕಳಿಸುವುದು ಮನುಷ್ಯನ ಖುಷಿಗಲ್ಲ, ತನ್ನನ್ನು ತಿನ್ನಲು ಬರುವ ಹುಳುಗಳನ್ನು ಕೊಲ್ಲಲು. ಹಿಂದೆ ಇದನ್ನೇ ಕೀಟನಾಶಕವಾಗಿ ಸಿಂಪಡಿಸುತ್ತಿದ್ದರು. ರಾತ್ರಿ ಮಳೆ ಬಿದ್ದ ಬೆಳಿಗ್ಗೆ ಒದ್ದೆ ಸೊಪ್ಪು ಮುರಿಯಲು ಬಂದ ಹೊಸ ಆಳುಗಳಿಗೆ ಮಧ್ಯಾಹ್ನದೊಳಗೆ ತಲೆಸುತ್ತು, ವಾಂತಿ. ಸೇದಿರುವುದಿಲ್ಲ, ಅಗಿದಿರುವುದಿಲ್ಲ, ಬರೀ ಕಂಕುಳಲ್ಲಿ ಸೊಪ್ಪಿನ ಕಂತೆ ಅವುಚಿಕೊಂಡಿರುತ್ತಾರೆ. ಚರ್ಮದ ಮೂಲಕವೇ ಅಷ್ಟು ಇಳಿದಿರುತ್ತದೆ. ಕೈಗೆ ಮೆತ್ತಿದ ಕರಿ ಅಂಟು ಎಷ್ಟು ಉಜ್ಜಿದರೂ ಹೋಗದೆ ಮುದ್ದೆ ಮುರಿದರೆ ಮುದ್ದೆಯೂ ಕಹಿ.

‘ಅದನ್ನೇ ಬೆಳೆದು ಅದನ್ನೇ ಬೈತೀಯಲ್ಲ ಮಾವ’ ಅಂತ ನೀನು ನಗುತ್ತೀಯ, ಗೊತ್ತು. ಹೌದು, ನಿನ್ನಮ್ಮನ ಮದುವೆ ಆದದ್ದು ಈ ಸೊಪ್ಪಿನ ದುಡ್ಡಿನಲ್ಲೇ. ತಂಬಾಕು ಮಂಡಳಿಯ ಹರಾಜಿನಲ್ಲಿ ಬೇಲು ಹೋದ ದಿನ ಕೈಗೆ ಬರುವ ಹಣ ಮೆಕ್ಕೆಜೋಳದಲ್ಲಿ ಬರುವುದಿಲ್ಲ. ಶುಂಠಿ ಒಂದು ವರ್ಷ ಬಂಗಾರ, ಮರು ವರ್ಷ ಕೊಳೆ ರೋಗ. ಅದು ಬೇರೆಯೇ ಜಗಳ, ಇನ್ನೊಮ್ಮೆ ಆಡೋಣ. ಬೆಳೆದವನಿಗೆ ಅದರ ಗುಣ ಚೆನ್ನಾಗಿ ಗೊತ್ತಿರುತ್ತದೆ ಅಂತಷ್ಟೇ ಇಟ್ಟುಕೋ.

ಚರ್ಮದಿಂದ ನಿಧಾನಕ್ಕೆ ಇಳಿಯುವ ಅದೇ ವಸ್ತು ಹೊಗೆಯ ಜೊತೆ ಶ್ವಾಸಕೋಶಕ್ಕೆ ಹೋದರೆ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮಿದುಳು ಮುಟ್ಟುತ್ತದೆ. ಎರಡು ಗಂಟೆ ಕಳೆಯುವಷ್ಟರಲ್ಲಿ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿದಿರುತ್ತದೆ. ಆಗ ಶುರುವಾಗುವುದು ಚಡಪಡಿಕೆ, ಸಿಡುಕು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು. ಒಂದು ದಮ್ಮು ಎಳೆದರೆ ಎಲ್ಲ ಮಾಯ. ‘ಟೆನ್ಷನ್ ಕಡಿಮೆ ಆಗುತ್ತೆ’ ಅಂತ ನೀವೆಲ್ಲ ಹೇಳುವುದು ಇದನ್ನೇ. ಕೈಸಾಲ ಕೊಟ್ಟವನು ಎರಡು ಗಂಟೆಗೊಮ್ಮೆ ಬಡ್ಡಿಗೆ ಬಾಗಿಲು ಬಡಿಯುತ್ತಾನೆ, ಬಡ್ಡಿ ಕೊಟ್ಟ ಕೂಡಲೇ ಹೊರಟು ಹೋಗುತ್ತಾನೆ. ಅವನು ಹೋದಾಗ ಸಿಗುವ ನೆಮ್ಮದಿಯನ್ನು ಅವನೇ ಮಾಡಿದ ಉಪಕಾರ ಅಂದುಕೊಳ್ಳುತ್ತೀರಿ. ಬಿಟ್ಟು ಕೆಲವು ತಿಂಗಳು ಕಳೆದವರನ್ನು ವಿಚಾರಿಸು, ಸೇದುತ್ತಿದ್ದ ಕಾಲಕ್ಕಿಂತ ಈಗಲೇ ಮನಸ್ಸು ಹಗುರ ಅನ್ನುವವರೇ ಹೆಚ್ಚು.

ಇನ್ನು ಛಲದ ವಿಷಯ. ಅಮೆರಿಕದಲ್ಲಿ ಲೀ ರಾಬಿನ್ಸ್ ಅಂತ ಒಬ್ಬ ಸಮಾಜಶಾಸ್ತ್ರಜ್ಞೆ ಇದ್ದರು. ವಿಯೆಟ್ನಾಂ ಯುದ್ಧಕ್ಕೆ ಹೋದ ಅಮೆರಿಕದ ಸೈನಿಕರಲ್ಲಿ ಐದರಲ್ಲೊಬ್ಬ ಅಲ್ಲಿ ಹೆರಾಯಿನ್‌ಗೆ ಅಂಟಿಕೊಂಡಿದ್ದ. ಇವರೆಲ್ಲ ಊರಿಗೆ ಮರಳಿದರೆ ಗತಿಯೇನು ಅಂತ ಸರ್ಕಾರಕ್ಕೆ ದಿಗಿಲು. 1971ರಲ್ಲಿ ವಾಪಸಾದವರನ್ನು ರಾಬಿನ್ಸ್ ಹಿಂಬಾಲಿಸಿ ವಿಚಾರಿಸಿದರು. ಅಲ್ಲಿ ಚಟಕ್ಕೆ ಬಿದ್ದಿದ್ದವರಲ್ಲಿ ಮೊದಲ ವರ್ಷದೊಳಗೆ ಮತ್ತೆ ಅದೇ ಚಟಕ್ಕೆ ಬಿದ್ದವರು ನೂರಕ್ಕೆ ಐದು ಮಂದಿ ಮಾತ್ರ. ವಿಮಾನ ಹತ್ತಿ ಇಳಿಯುವಷ್ಟರಲ್ಲಿ ಉಳಿದವರಿಗೆಲ್ಲ ಮನೋಬಲ ಬಂದುಬಿಟ್ಟಿತೇ? ಜಾಗ ಬದಲಾಯಿತು, ಜೊತೆಗಾರರು ಬದಲಾದರು, ಸುಲಭವಾಗಿ ಸಿಗುತ್ತಿದ್ದ ಮಾಲು ಸಿಗದಾಯಿತು.

ನಿನಗೆ ಊರು ಬದಲಾಯಿಸಲು ಆಗುವುದಿಲ್ಲ, ಸರಿ. ಸಿಗರೇಟು ಇರುವ ಜಾಗವನ್ನಾದರೂ ಬದಲಾಯಿಸು. ನಿನ್ನ ಆಫೀಸಿನ ಕೆಳಗಿನ ಟೀ ಅಂಗಡಿಯನ್ನು ನಾನು ನೋಡಿದ್ದೇನೆ. ಬಿಸ್ಕತ್ತಿನ ಡಬ್ಬಿಗಳ ಪಕ್ಕದಲ್ಲಿ ದಾರಕ್ಕೆ ಕಟ್ಟಿ ತೂಗುಬಿಟ್ಟ ಲೈಟರ್, ಕೆಳಗೆ ತುಂಡುಗಳಿಂದ ತುಂಬಿದ ಎಣ್ಣೆ ಡಬ್ಬ. ನೀನು ಕೇಳುವುದೇ ಬೇಡ. ಮುಖ ನೋಡಿದ ಕೂಡಲೇ ಅವನು ಒಂದು ಕೈಲಿ ಟೀ, ಇನ್ನೊಂದು ಕೈಲಿ ನಿನ್ನ ಬ್ರ್ಯಾಂಡು ಚಾಚುತ್ತಾನೆ. ಅಲ್ಲಿ ನಿಂತುಕೊಂಡು, ಸಹೋದ್ಯೋಗಿಗಳ ಹೊಗೆಯ ಮಧ್ಯೆ, ಬೇಡ ಅನ್ನುವ ಛಲ ತೋರಿಸಲು ಹೊರಡುತ್ತೀಯಲ್ಲ, ಅದೇ ಹಾಕಬಾರದ ಕಡೆ ಹಾಕುವುದು. ಅಲ್ಲಿ ಋಷಿಮುನಿಗಳೂ ಸೋಲುತ್ತಾರೆ. ನಿನ್ನ ಛಲವನ್ನೆಲ್ಲ ಲಿಫ್ಟಿನ ಬಾಗಿಲಲ್ಲೇ ಖರ್ಚು ಮಾಡು. ನಾಲ್ಕು ಗಂಟೆಗೆ ಕೆಳಗೆ ಇಳಿಯಬೇಡ. ಫ್ಲಾಸ್ಕಿನಲ್ಲಿ ಮಜ್ಜಿಗೆಯನ್ನೋ ಟೀಯನ್ನೋ ಒಯ್ದು ಮೇಲೆಯೇ ಕುಡಿ.

ಇನ್ನೊಂದು ಸಂಗತಿ. ಬಿಡಿ ಸಿಗರೇಟು ಮಾರುವಂತಿಲ್ಲ ಅಂತ ನಮ್ಮ ರಾಜ್ಯದಲ್ಲಿ 2017ರಲ್ಲೇ ಆದೇಶವಾಗಿದೆ. ಯಾರು ಕೇಳುತ್ತಾರೆ! ಆದರೆ ಒಂದೊಂದಾಗಿ ಕೊಳ್ಳುವವನ ಕಣ್ಣಿಗೆ ಪ್ಯಾಕೇ ಬೀಳುವುದಿಲ್ಲ. ಪ್ಯಾಕಿನ ನೂರಕ್ಕೆ 85 ಭಾಗ ಎಚ್ಚರಿಕೆಯ ಚಿತ್ರ ಇರುತ್ತದೆ, ಅದರಲ್ಲೇ 1800-112-356 ಅಂತ ಒಂದು ನಂಬರೂ ಇರುತ್ತದೆ. ಬಿಡಬೇಕು ಅನ್ನುವವರಿಗೆ ಸರ್ಕಾರ ಇಟ್ಟಿರುವ ಉಚಿತ ಸಹಾಯವಾಣಿ ಅದು. ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರವಿದೆ, ಕನ್ನಡದಲ್ಲಿ ಮಾತಾಡುತ್ತಾರೆ. ಬೈಯುವುದಿಲ್ಲ, ಉಪದೇಶ ಮಾಡುವುದಿಲ್ಲ. ಯಾವ ದಿನ ಬಿಡುತ್ತೀಯ ಅಂತ ಕೇಳಿ ಬರೆದುಕೊಂಡು ಆಮೇಲೆ ಅವರೇ ಫೋನ್ ಮಾಡಿ ವಿಚಾರಿಸುತ್ತಾರೆ. ಮಾವನಿಗೆ ಹೇಳಲು ನಾಚಿಕೆಯಾಗುವ ಮಾತನ್ನು ಗುರುತಿಲ್ಲದವರಿಗೆ ಹೇಳುವುದು ಸುಲಭ.

ಹತ್ತರಿಂದ ಎಂಟು, ಎಂಟರಿಂದ ಐದು ಅಂತ ಇಳಿಸುತ್ತಾ ಹೋಗುವ ನಿನ್ನ ಲೆಕ್ಕ ನನಗೆ ಅಷ್ಟಾಗಿ ರುಚಿಸಲಿಲ್ಲ. ಇಂಗ್ಲೆಂಡಿನಲ್ಲಿ ಸುಮಾರು 700 ಜನರನ್ನು ಎರಡು ಗುಂಪು ಮಾಡಿ ನೋಡಿದರು, 2016ರಲ್ಲಿ ಅದರ ವರದಿ ಬಂತು. ಒಂದೇ ಏಟಿಗೆ ಬಿಟ್ಟವರಲ್ಲಿ ನೂರಕ್ಕೆ 49 ಜನ ನಾಲ್ಕು ವಾರದ ಕೊನೆಗೂ ಸೇದದೆ ಉಳಿದಿದ್ದರು, ಹಂತ ಹಂತವಾಗಿ ಇಳಿಸಿದವರಲ್ಲಿ 39. ಆರು ತಿಂಗಳ ಹೊತ್ತಿಗೆ ಎರಡೂ ಗುಂಪು ಕರಗಿತ್ತು, ಒಂದೇ ಏಟಿಗೆ ಬಿಟ್ಟವರಲ್ಲೂ ನೂರಕ್ಕೆ 22 ಜನ ಮಾತ್ರ ಉಳಿದಿದ್ದರು. ಇದನ್ನು ಹೆದರಿಸಲು ಹೇಳುತ್ತಿಲ್ಲ. ಜಾರುವುದು ಎಲ್ಲರಿಗೂ ಇದೆ, ನಿನಗೊಬ್ಬನಿಗೇ ಬಂದ ಶಾಪವಲ್ಲ. ಮದುವೆಮನೆಯಲ್ಲಿ ಒಂದು ಸೇದಿಬಿಟ್ಟೆ ಅಂತಿಟ್ಟುಕೋ, ‘ಹೇಗೂ ಕೆಟ್ಟೆ’ ಅಂತ ಮಾರನೇ ದಿನ ಪ್ಯಾಕು ಕೊಳ್ಳುತ್ತೀಯಲ್ಲ, ಕೆಡಿಸುವುದು ಆ ಎರಡನೆಯದು.

ಬಿಡುವ ದಿನ ಗೊತ್ತುಮಾಡು. ಅಮಾವಾಸ್ಯೆ ಹುಣ್ಣಿಮೆ ನೋಡಬೇಡ, ಪ್ರಾಜೆಕ್ಟು ಮುಗಿಯುವ ವಾರ ಮಾತ್ರ ಬೇಡ. ಮೊದಲ ಎರಡು ಮೂರು ದಿನ ಜೋರು. ತಲೆನೋವು, ನಿದ್ದೆ ಕೆಡುವುದು, ಕಾರಣವಿಲ್ಲದ ಕೋಪ. ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಆಸೆ ಎದ್ದಾಗ ಅದು ಇಡೀ ದಿನ ಹೀಗೇ ಇರುತ್ತದೆ ಅನ್ನಿಸುತ್ತದೆ. ಇರುವುದಿಲ್ಲ. ಮೂರು ನಿಮಿಷ, ಜಾಸ್ತಿಯೆಂದರೆ ಐದು. ಗಡಿಯಾರ ನೋಡಿಕೊಂಡು ಕೂರು. ನಿನ್ನಲ್ಲಿರುವ ಛಲ ಆ ಮೂರು ನಿಮಿಷಕ್ಕೆ ಧಾರಾಳವಾಗಿ ಸಾಕು, ಜೀವನಪೂರ್ತಿಗೆ ಬೇಕಾದಷ್ಟನ್ನು ಇವತ್ತೇ ಹುಡುಕಬೇಡ. ಗೀತೆಯ ಆರನೇ ಅಧ್ಯಾಯದಲ್ಲಿ ಅರ್ಜುನ ಕೂಡ ಮನಸ್ಸು ಹಿಡಿತಕ್ಕೆ ಸಿಗುವುದಿಲ್ಲ ಅಂತ ನಿನ್ನ ಹಾಗೆಯೇ ಗೋಳಾಡುತ್ತಾನೆ. ಕೃಷ್ಣ ಅವನನ್ನು ಹೀಗಳೆಯುವುದಿಲ್ಲ, ಹೌದು ಕಷ್ಟ ಅಂತ ಒಪ್ಪಿಕೊಂಡೇ ದಾರಿ ಹೇಳುತ್ತಾನೆ. ಅಲ್ಲೂ ಅಭ್ಯಾಸ ಮೊದಲು, ವೈರಾಗ್ಯ ಆಮೇಲೆ.

ಕಾಫಿಯ ವಿಷಯ ಯಾರೂ ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತೇನೆ. ಸೇದುವವರ ಮೈಯಲ್ಲಿ ಕೆಫೀನ್ ಬೇಗ ಕರಗುತ್ತದೆ. ಹೊಗೆಯಲ್ಲಿರುವ ಟಾರು ಪಿತ್ತಜನಕಾಂಗವನ್ನು ಹಾಗೆ ಓಡಿಸುತ್ತಿರುತ್ತದೆ. ಸಿಗರೇಟು ನಿಂತರೆ ಅದೇ ನಾಲ್ಕು ಲೋಟ ಫಿಲ್ಟರ್ ಕಾಫಿ ಹೆಚ್ಚುಕಡಿಮೆ ಎಂಟು ಲೋಟದಷ್ಟು ಕೆಲಸ ಮಾಡುತ್ತದೆ. ಎದೆ ಢವಢವ, ಕೈ ನಡುಕ, ರಾತ್ರಿ ನಿದ್ದೆಯಿಲ್ಲ. ‘ಸಿಗರೇಟು ಬಿಟ್ಟಿದ್ದಕ್ಕೇ ಹೀಗಾಯ್ತು’ ಅಂತ ಎಷ್ಟೋ ಜನ ಮತ್ತೆ ಹಚ್ಚುವುದು ಇದಕ್ಕೇ. ಬಿಟ್ಟ ದಿನದಿಂದ ಕಾಫಿ ಅರ್ಧಕ್ಕಿಳಿಸು.

ನಿಕೋಟಿನ್ ಚೂಯಿಂಗ್ ಗಮ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ತೆಗೆದುಕೊಳ್ಳುವುದು ಅವಮಾನ ಅಂತ ನೀನು ತಿಳಿದ ಹಾಗಿದೆ. ಜ್ವರ ಬಂದಾಗ ಮಾತ್ರೆ ನುಂಗುವವನಿಗೆ ಇದರಲ್ಲೇನು ಅವಮಾನ? ಆದರೆ ಬಬಲ್ ಗಮ್ಮಿನ ಹಾಗೆ ಜಗಿಯುತ್ತಾ ಹೋಗಬಾರದು. ನಿಧಾನಕ್ಕೆ ಜಗಿದು ಖಾರ ಹತ್ತಿದ ಹಾಗಾದ ಕೂಡಲೇ ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಬಿಡಬೇಕು, ಖಾರ ಇಳಿದ ಮೇಲೆ ಮತ್ತೆ ಎರಡು ಸಲ. ಅದಕ್ಕೆ ಮುಂಚಿನ ಕಾಲು ಗಂಟೆ ಕಾಫಿ, ಜ್ಯೂಸು ಕುಡಿದಿರಬಾರದು, ಕುಡಿದರೆ ಮದ್ದು ಹಿಡಿಯುವುದಿಲ್ಲ. ಎಷ್ಟು ಮಿಲಿಗ್ರಾಂ, ಎಷ್ಟು ದಿನ ಅನ್ನುವುದನ್ನು ಡಾಕ್ಟರನ್ನು ಕೇಳು, ಬೇರೆ ಮಾತ್ರೆಗಳೂ ಇವೆ. ಬಾಯಿಗೆ ಏನಾದರೂ ಬೇಕು ಅನ್ನಿಸಿದರೆ ನಿನ್ನತ್ತೆ ಹುರಿದ ಹುಣಸೆಬೀಜ ಕಳಿಸುತ್ತಾಳೆ. ನಾನು ಬೀಡಿ ಬಿಟ್ಟಾಗ ನನ್ನ ಹಲ್ಲಿಗೆ ಕೆಲಸ ಕೊಟ್ಟದ್ದು ಅದೇ. ಅಡಿಕೆ ಬೇಡ, ಅದಕ್ಕೆ ಅದರದೇ ಕ್ಯಾನ್ಸರ್ ಇದೆ. ಗುಟ್ಕಾ, ಖೈನಿಯ ಹೆಸರೆತ್ತಬೇಡ. ಇ-ಸಿಗರೇಟನ್ನು 2019ರಿಂದ ದೇಶದಲ್ಲೇ ನಿಷೇಧಿಸಿದ್ದಾರೆ, ಯಾರೋ ಗೆಳೆಯ ದುಬೈಯಿಂದ ತಂದುಕೊಟ್ಟ ಅಂತ ಅದನ್ನು ಹಿಡಿದುಕೊಂಡು ಬರಬೇಡ.

‘ಇಷ್ಟು ವರ್ಷ ಸೇದಿ ಆಗಿದೆ, ಇನ್ನು ಬಿಟ್ಟು ಏನು ಬಂತು’ ಅನ್ನುವ ಮಾತೂ ನಿನ್ನ ಬಾಯಲ್ಲಿ ಒಮ್ಮೆ ಬಂದಿತ್ತು. ಬ್ರಿಟನ್ನಿನ ರಿಚರ್ಡ್ ಡಾಲ್ 1951ರಲ್ಲಿ ಅಲ್ಲಿನ ಮೂವತ್ತನಾಲ್ಕು ಸಾವಿರಕ್ಕೂ ಹೆಚ್ಚು ವೈದ್ಯರ ಲೆಕ್ಕ ಇಡಲು ಶುರುಮಾಡಿದರು. ಡಾಲ್ ಸ್ವತಃ ಸೇದುತ್ತಿದ್ದವರು, ಅದಕ್ಕೂ ಮುಂಚಿನ ತಮ್ಮದೇ ಅಧ್ಯಯನದ ಅಂಕಿಗಳು ಕಣ್ಣಿಗೆ ಬಿದ್ದಾಗ ಬಿಟ್ಟರು. ಐವತ್ತು ವರ್ಷದ ಲೆಕ್ಕ 2004ರಲ್ಲಿ ಹೊರಬಂತು. ಕೊನೆಯವರೆಗೂ ಸೇದಿದವರು ಸೇದದವರಿಗಿಂತ ಸರಾಸರಿ ಹತ್ತು ವರ್ಷ ಮೊದಲೇ ಹೋಗಿದ್ದರು. ಅರವತ್ತಕ್ಕೆ ಬಿಟ್ಟವರು ಮೂರು ವರ್ಷ ಗಳಿಸಿಕೊಂಡರು, ಐವತ್ತಕ್ಕೆ ಬಿಟ್ಟವರು ಆರು, ನಲವತ್ತಕ್ಕೆ ಒಂಬತ್ತು, ಮೂವತ್ತಕ್ಕೆ ಬಿಟ್ಟವರು ಹೆಚ್ಚುಕಡಿಮೆ ಹತ್ತಕ್ಕೆ ಹತ್ತನ್ನೂ. ನಿನಗೆ ಬರುವ ಕಾರ್ತೀಕಕ್ಕೆ ಮೂವತ್ತು ತುಂಬುತ್ತದೆ. ಉಳಿದ ಲೆಕ್ಕ ನೀನೇ ಹಾಕಿಕೋ, ಗಣಿತ ಪಾಸಾಗಿದ್ದೀಯಲ್ಲ.

ತೂಕ ನಾಲ್ಕೈದು ಕೆಜಿ ಏರಬಹುದು. ಏರಲಿ ಬಿಡು, ಆಮೇಲೆ ನೋಡಿಕೊಳ್ಳೋಣ.

ನಿನ್ನಮ್ಮನಿಗೆ ವಿಷಯ ಗೊತ್ತಿಲ್ಲ ಅಂದುಕೊಂಡಿದ್ದೀಯ. ನೀನು ಊರಿಗೆ ಬಂದಾಗಲೆಲ್ಲ ನಿನ್ನ ಶರ್ಟುಗಳನ್ನು ಅವಳು ಬೇರೆಯಾಗಿ ನೆನೆಹಾಕುತ್ತಾಳೆ, ಗಮನಿಸಿದ್ದೀಯಾ? ನಾನು ಹೇಳುವುದಿಲ್ಲ, ನೀನೇ ಹೇಳು, ಬಿಡುವ ದಿನದ ಹಿಂದಿನ ದಿನ. ಗುಟ್ಟಾಗಿ ಬಿಟ್ಟವನು ಗುಟ್ಟಾಗಿಯೇ ಮತ್ತೆ ಹಿಡಿಯುತ್ತಾನೆ.

ಗೌರಿ ಹಬ್ಬಕ್ಕೆ ಬರುತ್ತೀಯ ತಾನೇ? ಸೊಪ್ಪು ಬೇಯಿಸುವ ಕಾಲ, ರಾತ್ರಿಯೆಲ್ಲ ಬ್ಯಾರನ್ ಮನೆಯ ಒಲೆ ಮುಂದೆ ಸೌದೆ ಹಾಕುತ್ತಾ ಕೂತಿರುತ್ತೇವೆ. ಅಲ್ಲಿಗೆ ಬಂದು ಕೂರುವುದು ನಿನಗೆ ಇಷ್ಟ ಅಂತ ಗೊತ್ತು. ಈ ಸಲ ಆ ಕಡೆ ಸುಳಿಯಬೇಡ, ನನ್ನ ಜೊತೆ ಕೂತವರೆಲ್ಲರ ಕೈಯಲ್ಲೂ ಬೀಡಿ ಇರುತ್ತದೆ, ಒಬ್ಬರಲ್ಲ ಒಬ್ಬರು ನಿನಗೂ ಚಾಚುತ್ತಾರೆ. ಮನೆಯಲ್ಲಿ ಅತ್ತೆಗೆ ಕಡುಬಿನ ಹಿಟ್ಟು ನಾದಿಕೊಡು. ಬೆಳಗಿನ ಜಾವ ನಾನೇ ಬಂದು ಎಬ್ಬಿಸುತ್ತೇನೆ, ಕೆರೆ ಏರಿಯ ಮೇಲೆ ಒಂದು ಸುತ್ತು ಹೋಗಿ ಬರೋಣ. ಮೈಸೂರಿನಿಂದ ಯಾವ ಬಸ್ಸಿಗೆ ಹೊರಡುತ್ತೀಯ ಅಂತ ಫೋನ್ ಮಾಡು.

ಇಂತಿ ನಿನ್ನ ಮಾವ