ಒತ್ತಿದವರಿಗೆ ಗೊತ್ತಾಗಬೇಕು

ಗುಂಡಿ ಒತ್ತುವ ರೂಢಿ ನಮ್ಮ ಕಡೆಯವರಿಗೆ ತುಸು ಹೆಚ್ಚೇ. 2019ರ ಡಿಸೆಂಬರ್ 5ರಂದು ಹಿರೇಕೆರೂರಿನಲ್ಲಿ ಉಪಚುನಾವಣೆ, 2021ರ ಅಕ್ಟೋಬರ್ 30ರಂದು ಹಾನಗಲ್ಲಿನಲ್ಲಿ, 2024ರ ನವೆಂಬರ್ 13ರಂದು ಶಿಗ್ಗಾಂವದಲ್ಲಿ. ಸವಣೂರು ಶಿಗ್ಗಾಂವ ಕ್ಷೇತ್ರಕ್ಕೇ ಸೇರಿದ್ದರಿಂದ ಅವರ ಪಾಲಿಗೂ ಒಂದು ಬಂತು. ಐದು ವರ್ಷ ತುಂಬುವುದರೊಳಗೆ ನಾಲ್ಕೂ ತಾಲ್ಲೂಕಿನ ಜನ ಮಾಮೂಲಿ ಚುನಾವಣೆಗಳ ಜೊತೆಗೆ ಇನ್ನೂ ಒಂದು ಸಲ ಪಾಳಿಯಲ್ಲಿ ನಿಂತು ನೀಲಿ ಗುಂಡಿ ಒತ್ತಿ ಬಂದರು. ಆ ಉಪಚುನಾವಣೆಗಳು ಯಾಕೆ ಬಂದವು ಎಂಬುದು ಕಟ್ಟೆಯ ಮೇಲಿನ ಮಾತು, ಇಲ್ಲಿ ಬೇಡ. ನನಗೆ ಬೇಕಾದದ್ದು ಆ ಗುಂಡಿ.

ಪೈಥಾನ್ ಕಲಿಯುತ್ತಿರುವ ನೀವು ಆಗಾಗ ಲ್ಯಾಪ್‌ಟಾಪ್ ಹಿಡಿದು ಬಂದು ತೋರಿಸುತ್ತೀರಿ. ಒಬ್ಬರದು ಗೋವಿನಜೋಳದ ಚೀಲಗಳ ತೂಕ ಕೂಡಿಸುವ ಪ್ರೋಗ್ರಾಂ, ಇನ್ನೊಬ್ಬರದು ಶಾಲೆಯ ರಸಪ್ರಶ್ನೆ. ಕಪ್ಪು ಪರದೆಯಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಮನೆಯವರು ಬಳಸಲಿ ಎಂದು ವಿಂಡೋ ಮಾಡಿ ಬಟನ್ ಇಟ್ಟಿದ್ದೀರಿ. ಆಸೆ ಒಳ್ಳೆಯದೇ. ಆದರೆ ಹೆಚ್ಚಿನವರು ಮೊದಲು ಹಸಿರೋ ನೀಲಿಯೋ ಎಂದು ಬಣ್ಣ ಹುಡುಕುತ್ತೀರಿ. ನಾನು ಒತ್ತಿ ನೋಡಿದರೆ ಏನೂ ಆಗುವುದಿಲ್ಲ, ಮತ್ತೆ ಒತ್ತುತ್ತೇನೆ. ಆಗ, "ಆಗೇತ್ರಿ ಸರ, ಫೈಲಿನ್ಯಾಗ ಬರದೈತಿ" ಅನ್ನುತ್ತೀರಿ. ಫೈಲು ತೆಗೆದರೆ ಎರಡು ಸಲ ಬರೆದಿರುತ್ತದೆ. ಒತ್ತಿದವನಿಗೆ ಒತ್ತಿದ್ದು ಗೊತ್ತಾಗದೆ ಹೋದದ್ದೇ ಅಲ್ಲಿನ ದೋಷ.

ಮೇಷ್ಟರಾಗಿದ್ದವರಿಗೆ ಚುನಾವಣೆ ಕೆಲಸ ತಪ್ಪಿದ್ದಲ್ಲ. ಮತಗಟ್ಟೆಯ ಮೇಜಿನ ಹಿಂದೆ ಕೂತವನಿಗೆ ಮತಯಂತ್ರದ ನಡವಳಿಕೆ ಬಾಯಿಪಾಠ ಆಗಿಬಿಡುತ್ತದೆ. ನೀವೂ ಒಮ್ಮೆ ಅದನ್ನು ಪ್ರೋಗ್ರಾಂ ಬರೆಯುವವರ ಕಣ್ಣಿನಿಂದ ನೋಡಿ. ಅಧಿಕಾರಿಯ ಮುಂದಿರುವುದು ಕಂಟ್ರೋಲ್ ಯೂನಿಟ್, ಮರೆಯೊಳಗಿರುವುದು ಬ್ಯಾಲೆಟ್ ಯೂನಿಟ್. ಅಧಿಕಾರಿ 'ಬ್ಯಾಲೆಟ್' ಗುಂಡಿ ಒತ್ತುವ ತನಕ ಒಳಗಿನ ನೀಲಿ ಗುಂಡಿಗಳನ್ನು ಎಷ್ಟು ಗುದ್ದಿದರೂ ಅವು ಜಪ್ಪಯ್ಯ ಅನ್ನುವುದಿಲ್ಲ. ಅವರು ಒತ್ತಿದರೋ, ಹೊರಗೆ 'ಬ್ಯುಸಿ' ಎಂಬ ಕೆಂಪು ದೀಪ, ಒಳಗೆ 'ರೆಡಿ' ಎಂಬ ಹಸಿರು ದೀಪ. ಮತದಾರ ನೀಲಿ ಗುಂಡಿ ಒತ್ತಿದಾಗ ಅದೇ ಸಾಲಿನಲ್ಲಿ ಕೆಂಪು ದೀಪ ಹೊತ್ತುತ್ತದೆ. ಪಕ್ಕದ ವಿವಿಪ್ಯಾಟ್ ಕಿಟಕಿಯಲ್ಲಿ ಕ್ರಮಸಂಖ್ಯೆ, ಹೆಸರು, ಚಿಹ್ನೆ ಇರುವ ಚೀಟಿ 7 ಸೆಕೆಂಡು ಕಾಣಿಸಿ ಪೆಟ್ಟಿಗೆಗೆ ಬೀಳುತ್ತದೆ. ಉದ್ದಕ್ಕೆ ಬೀಪ್ ಕೇಳಿಸುತ್ತದೆ. ಬ್ಯುಸಿ ದೀಪ ಆರುತ್ತದೆ. ಕಣ್ಣಿಗೆ ದೀಪ, ಕಿವಿಗೆ ಸದ್ದು, ಓದಬಲ್ಲವರಿಗೆ ಚೀಟಿ. ಕಣ್ಣು ಕಾಣದವರ ಬೆರಳಿಗೆ ಗುಂಡಿಯ ಬದಿಯಲ್ಲೇ ಬ್ರೈಲ್ ಅಂಕಿ ಇದೆ. ಒಂದು ಬ್ಯಾಲೆಟ್ ಯೂನಿಟ್ಟಿನಲ್ಲಿ 16 ಗುಂಡಿ. ಅಭ್ಯರ್ಥಿ ಇಲ್ಲದ ಸಾಲುಗಳ ಗುಂಡಿಗೆ ಬಿಳಿ ಮರೆ ಎಳೆದಿರುತ್ತಾರೆ, ಬೆರಳು ಅಲ್ಲಿಗೆ ಹೋಗುವ ಮಾತೇ ಇಲ್ಲ.

ಈ ಯಂತ್ರ ತಯಾರಿಸುವ ಎರಡು ಸರ್ಕಾರಿ ಕಂಪನಿಗಳಲ್ಲಿ ಒಂದು ನಮ್ಮ ಬೆಂಗಳೂರಿನ ಬಿಇಎಲ್. ತಮಿಳಿನ ಹೆಸರಾಂತ ಕತೆಗಾರ ಸುಜಾತಾ, ಅಂದರೆ ಎಸ್. ರಂಗರಾಜನ್, ಅಲ್ಲಿ ಎಂಜಿನಿಯರ್ ಆಗಿ ಇದರ ಕೆಲಸದಲ್ಲಿದ್ದವರು. ಹೊರರೂಪದ ವಿನ್ಯಾಸದಲ್ಲಿ ಐಐಟಿ ಬಾಂಬೆಯ ಎ. ಜಿ. ರಾವ್ ಮತ್ತು ರವಿ ಪೂವಯ್ಯ ಅವರ ಕೈ ಇದೆ. 1982ರಲ್ಲಿ ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ ಮೊದಲು ಬಳಸಿದರು. ಅಕ್ಷರ ಬಾರದ ಅಜ್ಜಿಯೂ ಯಾರನ್ನೂ ಕೇಳದೆ ಒತ್ತಿ ಬರುವಂತೆ ಮಾಡಿದ್ದಾರಲ್ಲ, ನನ್ನ ಮಟ್ಟಿಗೆ ಅದು ಮೊಬೈಲಿನ ಎಷ್ಟೋ ಚೆಂದದ ಆಪ್‌ಗಳಿಗಿಂತ ಮೇಲು.

ಈಗ ನಿಮ್ಮ ಟಿಕಿಂಟರ್‌ಗೆ ಬರೋಣ. ಪೈಥಾನ್ ಜೊತೆಗೇ ಬರುವ ಸಲಕರಣೆ ಅದು. ಹೊಸಬರಿಗೆ ಅದಕ್ಕಿಂತ ದೊಡ್ಡದು ಬೇಡ. ಬಟನ್ ಮಾಡುವಾಗ 'ಕಮಾಂಡ್' ಎಂಬ ಜಾಗದಲ್ಲಿ ಫಂಕ್ಷನ್ನಿನ ಹೆಸರನ್ನು ಕೊಡುತ್ತೀರಿ. ಪೈಥಾನ್ 3ರಲ್ಲಿ ಫಂಕ್ಷನ್ನಿಗೆ 'ಕೂಡಿಸು' ಎಂದು ಕನ್ನಡದಲ್ಲೇ ಹೆಸರಿಡಬಹುದು. ಆದರೆ ಅಲ್ಲಿ ಹೆಸರಷ್ಟೇ ಇರಬೇಕು. ರೂಢಿಯ ಬಲದಿಂದ ಮುಂದೊಂದು ಜೋಡಿ ಕಂಸ ಹಾಕಿಬಿಟ್ಟರೆ, ಬಟನ್ ತಯಾರಾಗುವ ಹೊತ್ತಿಗೇ 'ಕೂಡಿಸು' ಓಡಿ ಮುಗಿದಿರುತ್ತದೆ. ಬಟನ್ನಿಗೆ ಸಿಗುವುದು ಅದು ಹಿಂದಿರುಗಿಸಿದ ಬೆಲೆ ಮಾತ್ರ, ಸಾಮಾನ್ಯವಾಗಿ 'ನನ್'. ಆಮೇಲೆ ಎಷ್ಟು ಒತ್ತಿದರೂ ಅದು ಸುಮ್ಮನೆ. ನನ್ನ ಹತ್ತಿರ ಬರುವ ದೂರುಗಳಲ್ಲಿ ಅರ್ಧ ಇದೇ.

ಇನ್ನೊಂದು ಇದಕ್ಕಿಂತ ಮೋಸದ್ದು. ರಸಪ್ರಶ್ನೆಗೆ ಹತ್ತು ಬಟನ್ ಬೇಕೆಂದು ಒಂದು ಲೂಪ್ ಹಾಕಿ, ಒಳಗೆ ಲ್ಯಾಂಬ್ಡಾ ಬರೆದು ಲೂಪಿನ ಅಂಕಿಯನ್ನು ಕೊಡುತ್ತೀರಿ. ಹತ್ತೂ ಬಟನ್ ಸಾಲಾಗಿ ಬರುತ್ತವೆ, ನೋಡಲಿಕ್ಕೆ ಲಕ್ಷಣವಾಗಿವೆ. ಯಾವುದನ್ನು ಒತ್ತಿದರೂ ಕೊನೆಯದರ ಕೆಲಸವೇ ನಡೆಯುತ್ತದೆ. ಲ್ಯಾಂಬ್ಡಾ ಆ ಅಂಕಿಯನ್ನು ನೋಡುವುದು ಬಟನ್ ಮಾಡುವಾಗ ಅಲ್ಲ, ಒತ್ತಿದಾಗ. ಅಷ್ಟೊತ್ತಿಗೆ ಲೂಪ್ ಮುಗಿದು ಅಂಕಿ ಕೊನೆಯ ಬೆಲೆಯಲ್ಲಿ ನಿಂತಿರುತ್ತದೆ. ಲ್ಯಾಂಬ್ಡಾದ ಆರಂಭದಲ್ಲೇ ಆ ಅಂಕಿಯನ್ನು ಡಿಫಾಲ್ಟ್ ಬೆಲೆಯಾಗಿ ಕಟ್ಟಿಹಾಕಿದರೆ ಸರಿಹೋಗುತ್ತದೆ.

ಮತಯಂತ್ರದಲ್ಲಿ ಹೀಗಾದರೆ ಏನು ಗತಿ! ಅದಕ್ಕೇ ಅಣಕು ಮತದಾನ ಇರುವುದು. ಮತದಾನ ಶುರುವಾಗುವ ಮುಂಚೆ ಏಜೆಂಟರ ಎದುರಿಗೆ ಕನಿಷ್ಠ 50 ಮತ ಹಾಕಬೇಕು, ನೋಟಾ ಸೇರಿ ಪ್ರತಿ ಗುಂಡಿಯನ್ನೂ ಒತ್ತಬೇಕು, ಯಾರಿಗೆ ಎಷ್ಟು ಹಾಕಿದೆವೆಂದು ಕಾಗದದಲ್ಲಿ ಬರೆದುಕೊಂಡು ಯಂತ್ರದ ಲೆಕ್ಕಕ್ಕೆ ತಾಳೆ ಹಾಕಬೇಕು. ನೀವು ಮೊದಲನೇ ಬಟನ್ ಒಂದನ್ನೇ ಒತ್ತಿ ನೋಡಿ, "ನಡೀತು" ಎಂದು ಎದ್ದುಬಿಡುತ್ತೀರಿ. ಹಾಗೆ ಮಾಡಬೇಡಿ. ಎಲ್ಲ ಬಟನ್ನೂ ಒತ್ತಿ, ಬೇರೆ ಬೇರೆ ಸಂಖ್ಯೆಯಲ್ಲಿ ಒತ್ತಿ, ಪಕ್ಕದಲ್ಲಿ ಕಾಗದ ಇಟ್ಟುಕೊಂಡು ಗೀಟು ಹಾಕುತ್ತಾ ಒತ್ತಿ.

ವಿಂಡೋ ಸೆಟೆದು ನಿಲ್ಲುವ ಸಂಗತಿಯನ್ನು ಸ್ವಲ್ಪ ನಿಧಾನವಾಗಿ ತಿಳಿದುಕೊಳ್ಳಿ. ಟಿಕಿಂಟರ್‌ನ ಮೇನ್‌ಲೂಪ್ ಒಂದು ಸಲಕ್ಕೆ ಒಂದೇ ಕೆಲಸ ಮಾಡುತ್ತದೆ. ನಿಮ್ಮ ಫಂಕ್ಷನ್ ದೊಡ್ಡ ಫೈಲು ಓದುತ್ತಾ ಕೂತರೆ, ಅಥವಾ ನೀವು 'ಸ್ಲೀಪ್' ಹಾಕಿದರೆ, ಅದು ಮುಗಿಯುವ ತನಕ ವಿಂಡೋ ಮಿಸುಕುವುದಿಲ್ಲ. ಬಳಸುವವರು ಇನ್ನೂ ಮೂರು ಸಲ ಒತ್ತುತ್ತಾರೆ. ಆ ಒತ್ತುಗಳು ಕಳೆದುಹೋಗಲಿಲ್ಲ, ಪಾಳಿಯಲ್ಲಿ ನಿಂತಿವೆ. ಕೆಲಸ ಮುಗಿದದ್ದೇ ಒಂದರ ಹಿಂದೊಂದು ಓಡುತ್ತವೆ. ಸರಿ, ಬಟನ್ನನ್ನು 'ಡಿಸೇಬಲ್ಡ್' ಮಾಡೋಣ ಅನ್ನುತ್ತೀರಿ. ಮಾಡಿ. ಆದರೆ ಒಂದೇ ಫಂಕ್ಷನ್ನಿನಲ್ಲಿ ಮೊದಲ ಸಾಲಿಗೆ ಬಂದ್ ಮಾಡಿ, ಕೊನೆಯ ಸಾಲಿಗೆ ಮತ್ತೆ ತೆರೆದರೆ ಪ್ರಯೋಜನವಿಲ್ಲ. ಪಾಳಿಯಲ್ಲಿದ್ದ ಒತ್ತುಗಳು ಒಳಗೆ ಬರುವ ಹೊತ್ತಿಗೆ ಬಟನ್ ತೆರೆದೇ ಇರುತ್ತದೆ. ತೆರೆಯುವ ಮುಂಚೆ ಒಮ್ಮೆ 'ಅಪ್‌ಡೇಟ್' ಕರೆದರೆ ಅವು ಬಂದ್ ಆದ ಬಟನ್ನಿಗೆ ತಾಗಿ ಸತ್ತುಹೋಗುತ್ತವೆ. ಉದ್ದದ ಕೆಲಸಕ್ಕೆ ಬೇರೆ ಥ್ರೆಡ್ ಹಾಕಿ, 'ಆಫ್ಟರ್' ಬಳಸಿ ಆಗಾಗ ಮುಗಿಯಿತೇ ಎಂದು ವಿಚಾರಿಸುವುದು ಇನ್ನೂ ಒಳ್ಳೆಯ ದಾರಿ. ಆ ಹೊತ್ತಿನಲ್ಲಿ ಬಟನ್ನಿನ ಮೇಲೆ 'ಕೂಡಿಸುತ್ತಿದೆ' ಎಂದು ಬರಲಿ. ಅದು ನಿಮ್ಮ ಬ್ಯುಸಿ ದೀಪ. ಮುಗಿದ ಮೇಲೆ ಕೆಳಗೆ ಒಂದು ಸಾಲು: 42 ಚೀಲ, ಒಟ್ಟು ಇಷ್ಟು ಕ್ವಿಂಟಲ್. ಬೀಪ್ ಬೇಕಾದರೆ 'ಬೆಲ್' ಎಂಬುದೂ ಟಿಕಿಂಟರ್‌ನಲ್ಲಿದೆ.

'ಎಲ್ಲ ಅಳಿಸು' ಎಂಬ ಬಟನ್ನನ್ನು 'ಕೂಡಿಸು' ಪಕ್ಕದಲ್ಲೇ, ಅಷ್ಟೇ ಗಾತ್ರದಲ್ಲಿ ಇಡುವವರಿದ್ದೀರಿ. ಮತಯಂತ್ರದಲ್ಲಿ ಮತ ಅಳಿಸುವ 'ಕ್ಲಿಯರ್' ಗುಂಡಿ ಒಳಬಾಗಿಲ ಹಿಂದಿದೆ. ಅಣಕು ಮತದಾನ ಮುಗಿದ ಮೇಲೆ ಆ ಭಾಗಕ್ಕೆ ಸೀಲು ಬೀಳುತ್ತದೆ. ಅದೂ ಸೀದಾ ಒತ್ತಿದರೆ ನಡೆಯದು. ಮೊದಲು ಕ್ಲೋಸ್, ಆಮೇಲೆ ರಿಸಲ್ಟ್, ಕೊನೆಗೆ ಕ್ಲಿಯರ್. ತರಬೇತಿಯಲ್ಲಿ ಇದನ್ನು ಸಿಆರ್‌ಸಿ ಎಂದು ನಮ್ಮ ತಲೆಗೆ ತುಂಬುತ್ತಿದ್ದರು. ನಿಮ್ಮ ಅಳಿಸುವ ಬಟನ್ನನ್ನು ದೂರದ ಮೂಲೆಗೆ ಹಾಕಿ, ಒತ್ತಿದಾಗ "42 ಚೀಲದ ಲೆಕ್ಕ ಅಳಿಸಲೇ?" ಎಂದು ಅಂಕಿ ಸಮೇತ ಕೇಳಿ. ಬರೀ "ಖಚಿತವೇ?" ಎಂದು ಕೇಳಿದರೆ ಯಾರೂ ಓದುವುದಿಲ್ಲ, ಹೌದು ಒತ್ತಿಬಿಡುತ್ತಾರೆ. ಇನ್ನೂ ಜಾಣತನವೆಂದರೆ ಫೈಲನ್ನು ಅಳಿಸುವ ಬದಲು ತಾರೀಖು ಸೇರಿಸಿ ಬೇರೆ ಹೆಸರಿನಲ್ಲಿ ಎತ್ತಿಡುವುದು.

ಅಕ್ಷರದ ವಿಷಯ ಎರಡೇ ಮಾತು. ಬಟನ್ನಿನ ಎತ್ತರವನ್ನು ಇಂಗ್ಲಿಷ್ ಅಕ್ಷರ ನೋಡಿ ಅಳೆದರೆ 'ಮೊತ್ತ' ಎಂಬಲ್ಲಿ ತ ಒತ್ತು ಕೆಳಗಿನಿಂದ ಕತ್ತರಿಸಿಹೋಗುತ್ತದೆ, ಮೇಲೆ ಕೆಳಗೆ ಜಾಗ ಬಿಡಿ. ವಿಂಡೋಸಿನಲ್ಲಿ ಸರಿಯಾಗಿ ಕಂಡ ಒತ್ತಕ್ಷರ ಉಬುಂಟುವಿನಲ್ಲಿ 'ಮೊತ್‌ತ' ಎಂದು ಒಡೆದು ಕಾಣಬಹುದು. ಟಿಕಿಂಟರ್ ಅಲ್ಲಿ ಅಕ್ಷರ ಜೋಡಿಸುವ ಗೋಜಿಗೆ ಹೋಗುವುದಿಲ್ಲ. ಹಾಗಾದರೆ ಕ್ಯೂಟಿ ಎಂಬ ಇನ್ನೊಂದು ಸಲಕರಣೆಯ ಕಡೆ ಹೊರಳಿ, ತಿಣುಕಾಡಬೇಡಿ.

ಬರೆದು ಮುಗಿದ ಮೇಲೆ ಅದು ಯಾವ ಕಂಪ್ಯೂಟರಿನಲ್ಲಿ ಓಡಬೇಕೋ ಅಲ್ಲಿಗೇ ಒಯ್ಯಿರಿ. ನಮ್ಮ ಪೇಟೆಯ ಅಂಗಡಿಗಳಲ್ಲಿ ಈಗಲೂ ವಿಂಡೋಸ್ 7 ಇರುವುದುಂಟು. ಅದರ ಮೇಲೆ ಪೈಥಾನ್ 3.8ಕ್ಕಿಂತ ಹೊಸದು ಕೂರುವುದಿಲ್ಲ. ಉಬುಂಟುವಾದರೆ ಟಿಕಿಂಟರ್ ಪ್ಯಾಕೇಜನ್ನು ಬೇರೆಯಾಗಿ ಹಾಕಬೇಕಾಗುತ್ತದೆ. ಆಮೇಲೆ ಚೀಲ ತೂಗುವ ಅಪ್ಪನನ್ನೋ ಕಾಕಾನನ್ನೋ ಕೂರಿಸಿ, ನೀವು ಹಿಂದೆ ನಿಂತು ಬಾಯಿ ಮುಚ್ಚಿಕೊಳ್ಳಿ. "ಅಲ್ಲಿ ಒತ್ರಿ" ಅನ್ನಬೇಡಿ. ಅವರು ತೂಕ ಹೊಡೆದು ಎಂಟರ್ ಒತ್ತುತ್ತಾರೆ, ಏನೂ ಆಗುವುದಿಲ್ಲ. ಟಿಕಿಂಟರ್ ತಾನಾಗಿ ಎಂಟರನ್ನು ಬಟನ್ನಿಗೆ ಜೋಡಿಸಿರುವುದಿಲ್ಲ, 'ಬೈಂಡ್' ಮಾಡಿ ನೀವೇ ಜೋಡಿಸಬೇಕು. ಇಂಥವು ಇನ್ನೂ ನಾಲ್ಕಾರು ಸಿಗುತ್ತವೆ. ಅವರ ಬೆರಳು ಎಲ್ಲೆಲ್ಲಿ ಅನುಮಾನಿಸಿತೋ ಅಷ್ಟನ್ನೂ ಅಲ್ಲೇ ಬರೆದುಕೊಂಡು ಮನೆಗೆ ಬನ್ನಿ, ಮೊದಲು ತಿದ್ದಬೇಕಾದದ್ದು ಅವನ್ನು.