ಮುತ್ಯಾನ ಡೆಸ್ಕು: ಪಾಲಿಶ್‌ಗೆ ಮೊದಲು

ಹುಬ್ಬಳ್ಳಿ-ಧಾರವಾಡದ ಹಳೆ ಮನೆಗಳಿಂದ ನನ್ನ ಕೆಲಸದ ಶೆಡ್ಡಿಗೆ ಬರುವ ಡೆಸ್ಕುಗಳಲ್ಲಿ ಎರಡು ಬಗೆ. ಒಂದು, ಸಾವಕಾರರ ಗಾದಿಯ ಮುಂದಿಟ್ಟು ನೆಲಕ್ಕೆ ಕೂತು ಕಿರ್ದಿ ಬರೆಯುತ್ತಿದ್ದ, ಇಳಿಜಾರು ಮುಚ್ಚಳದ ಗಿಡ್ಡ ಡೆಸ್ಕು. ಇನ್ನೊಂದು ಕುರ್ಚಿ ಹಾಕಿಕೊಂಡು ಬರೆಯುವ, ಎರಡೂ ಬದಿಗೆ ಡ್ರಾವರ್ ಇರುವ ಕಚೇರಿ ಮೇಜು. ಮನೆಯವರು ಕೇಳುವ ಪ್ರಶ್ನೆಗಳೂ ಎರಡೇ: ಎಷ್ಟು ಹಳೆಯದು, ಎಷ್ಟಕ್ಕೆ ಹೋಗುತ್ತದೆ? ಮೂವತ್ತು ವರ್ಷ ಈ ಮರಗಳ ಜೊತೆ ಕಳೆದು ಕಲಿತದ್ದನ್ನು ಬರೆಯುತ್ತಿದ್ದೇನೆ.

1. ಕೌದಿ ಹಾಸಿ ತಲೆಕೆಳಗು ಮಾಡಿ

ಮೇಲ್ಭಾಗವನ್ನು ಪ್ರತಿ ತಲೆಮಾರೂ ಉಜ್ಜಿ ಹೊಳಪು ಕೊಟ್ಟಿರುತ್ತದೆ. ತಳವನ್ನು ಯಾರೂ ಮುಟ್ಟಿರುವುದಿಲ್ಲ. ಡ್ರಾವರ್‌ಗಳನ್ನು ಹೊರಗೆಳೆದು, ಮೇಜನ್ನು ಕೌದಿಯ ಮೇಲೆ ಮಗುಚಿ, ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಕೈಗರಗಸದ ಗೀರುಗಳು ನೇರವಾಗಿ, ಒಂದಕ್ಕೊಂದು ಹೊಂದದೆ ಇರುತ್ತವೆ. ಬಿಲ್ಲಿನಂತೆ ಬಾಗಿದ ಗೀರು ಕಂಡರೆ ಹಲಗೆ ಯಂತ್ರದ ದುಂಡು ಗರಗಸದಲ್ಲಿ ಸೀಳಿದ್ದು. ಡ್ರಾವರಿನ ಮೂಲೆಯ ಕಚ್ಚುಗಳನ್ನೂ ನೋಡಿ. ಕೈಯಲ್ಲಿ ಕೊರೆದವು ಒಂದು ಅಗಲ, ಒಂದು ಸಣ್ಣ. ತಳಕ್ಕೆ ಪ್ಲೈವುಡ್ ಇದ್ದರೆ ಡೆಸ್ಕು ಇಪ್ಪತ್ತನೇ ಶತಮಾನದ್ದು, ಇಲ್ಲವೇ ಆಮೇಲೆ ರಿಪೇರಿಯಾದದ್ದು.

2. ಅಚ್ಚೊತ್ತಿದ ಅಕ್ಷರ ಹುಡುಕಿ

ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. ಆ ಕಟ್ಟಡದಲ್ಲೇ ಈಗ ಕರ್ನಾಟಕ ಕಾಲೇಜು ಇದೆ. ಹುಬ್ಬಳ್ಳಿಯಲ್ಲಿ ರೈಲ್ವೆ ವರ್ಕ್‌ಶಾಪ್ ಇತ್ತು, ಇಂದಿಗೂ ಇದೆ. ಹಾಗಾಗಿ ರೈಲ್ವೆಯ ಸಾಮಾನು ಲಿಲಾವಿನಲ್ಲಿ ನಮ್ಮ ಮನೆಗಳಿಗೆ ಬಂದದ್ದು ಸಹಜ. ಕಾಲಿನ ಒಳಬದಿಗೋ ಡ್ರಾವರಿನ ಹಿಂದೆಯೋ 'ಎಸ್.ಎಂ.ಆರ್.' ಎಂದಿದ್ದರೆ 1908ಕ್ಕೆ ಹಿಂದಿನ ಗುರುತು. ಆ ವರ್ಷ ಮದ್ರಾಸ್ ರೈಲ್ವೆಯ ಜೊತೆ ಸೇರಿ ಅದು 'ಎಂ. ಅಂಡ್ ಎಸ್.ಎಂ.' ಆಯಿತು. 1951ರಲ್ಲಿ ಸದರ್ನ್ ರೈಲ್ವೆಯ 'ಎಸ್.ಆರ್.', 1966ರಲ್ಲಿ ಸೌತ್ ಸೆಂಟ್ರಲ್ ರೈಲ್ವೆಯ 'ಎಸ್.ಸಿ.ಆರ್.' ಬಂದವು. ಬಾಂಬೆ ಸರಕಾರದ ಗುರುತಿದ್ದರೆ ಅದು 1956ರ ನವೆಂಬರಿಗೆ ಹಿಂದಿನದು, ಏಕೆಂದರೆ ಅಲ್ಲಿಯವರೆಗೆ ಧಾರವಾಡ ಜಿಲ್ಲೆ ಮುಂಬೈಗೆ ಸೇರಿತ್ತು.

ಕೆಲಸ ಕಲಿಯುವ ದಿನಗಳಲ್ಲಿ ಇಂಥದೇ ಒಂದು ಮೇಜಿನ ಕಾಲನ್ನು ನಾನು ರಂದಾ ಹೊಡೆದು ನುಣ್ಣಗೆ ಮಾಡಿದೆ. ಮೂರು ಅಕ್ಷರ ಸಿಪ್ಪೆಯ ಜೊತೆ ನೆಲಕ್ಕೆ ಬಿದ್ದವು. ಆ ಮೇಜು ಎಲ್ಲಿಯದು ಎಂದು ಹೇಳಲು ಆ ಮನೆಯವರ ಹತ್ತಿರ ಬೇರೆ ಏನೂ ಇರಲಿಲ್ಲ. ಅದು ಇಂದಿಗೂ ನನ್ನ ಮನಸ್ಸನ್ನು ಕೊರೆಯುತ್ತದೆ.

3. ಕೀಲಿಯೊಂದನ್ನೇ ನಂಬಬೇಡಿ

ಗೋದ್ರೆಜ್ ಕೀಲಿ ಇದ್ದರೆ ಅದು 1897ಕ್ಕೆ ಹಿಂದಿನದಾಗಲಾರದು. ಆದರೆ ಅದು ಕೀಲಿಯ ವಯಸ್ಸು, ಡೆಸ್ಕಿನದಲ್ಲ. ಕೀಲಿಯ ಸುತ್ತ, ಬಿಜಾಗರಿಯ ಕೆಳಗೆ ತುಂಬಿ ಮುಚ್ಚಿದ ಹಳೆ ತೂತುಗಳಿದ್ದರೆ ಬದಲಾಯಿಸಿದ್ದಾರೆ ಎಂದೇ ಅರ್ಥ.

4. ಕಲೆ ತೆಗೆಯುವ ಮೊದಲು ಕಲೆ ಓದಿ

ಹಳೆ ಹುಬ್ಬಳ್ಳಿಯ ಒಬ್ಬ ಅಕ್ಕಾರು ಮಾವನ ಅಂಗಡಿಯ ಗಿಡ್ಡ ಡೆಸ್ಕು ತಂದಿದ್ದರು. "ಮಿಸ್ತ್ರೀ, ಈ ಕೆಂಪ ಕಲಿ ಎಲ್ಲಾ ಹೋಗೂಹಂಗ ಹೊಸಾದು ಮಾಡಿಕೊಡ್ರಿ" ಅಂದರು. ಮುಚ್ಚಳ ಎತ್ತಿ ನೋಡಿದೆ. ಒಳಗಿನ ಮೂಲೆಯಲ್ಲಿ ಕುಂಕುಮದ ಮೇಲೆ ಅರಿಷಿಣ, ಅದರ ಮೇಲೆ ಮತ್ತೆ ಕುಂಕುಮ. ಮೇಲಿನದು ಇನ್ನೂ ಕೆಂಪಗಿತ್ತು, ಅಡಿಯದು ಎಣ್ಣೆ ಕುಡಿದು ಕಂದಾಗಿ ಮರದೊಳಗೆ ಇಳಿದಿತ್ತು. ಬಲಗಡೆ ದೌತಿ ಇಡುತ್ತಿದ್ದ ಕಡೆ ಉಂಗುರದಂಥ ಕಪ್ಪು ಗುರುತು. ಅದರ ಕೆಳಗೆ ಬರೆಯುವ ಕೈ ಊರಿ ಊರಿ ಅಂಗೈಯಗಲ ತಗ್ಗು.

"ಅಕ್ಕಾರ, ಇದು ದೀಪಾವಳ್ಯಾಗ ಕಿರ್ದಿ ಪೂಜಾ ಮಾಡಿದ ಕುಂಕುಮರೀ. ತಗದ್ರ ಮತ್ತ ಬರೂದಿಲ್ಲ" ಅಂದೆ. ಅವರು ಬಹಳ ಹೊತ್ತು ಆ ತಗ್ಗಿನ ಮೇಲೆ ಕೈಯಾಡಿಸಿ, ಹಾಗೇ ಇರಲಿ ಅಂದರು. ಒಣ ಬಟ್ಟೆಯಲ್ಲಿ ಧೂಳು ಒರೆಸಿ, ಅಲುಗಾಡುತ್ತಿದ್ದ ಒಂದು ಕಚ್ಚು ಬಿಗಿಮಾಡಿ ಕೊಟ್ಟೆ.

5. 'ಬರ್ಮಾ ತೇಗ' ಎಂದರೆ ತಲೆದೂಗಬೇಡಿ

ಹಳೆ ಸಾಗವಾನಿ ಕಂಡರೆ ಎಲ್ಲರೂ ಬರ್ಮಾದ್ದು ಎನ್ನುತ್ತಾರೆ. ಹಳಿಯಾಳ-ದಾಂಡೇಲಿಯ ಸಾಗವಾನಿ ಕಾಡು ಧಾರವಾಡದ ಮಗ್ಗುಲಲ್ಲೇ ಇದೆ. ಕಾಗದಪತ್ರ ಇಲ್ಲದೆ ಸಮುದ್ರದಾಚೆಯ ಮರ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಊರ ಮರದ್ದು ಎಂದರೆ ಬೆಲೆ ಕಡಿಮೆ ಎಂಬ ಲೆಕ್ಕವೂ ತಪ್ಪು.

6. ಬೆಲೆ ಮರಕ್ಕೊಂದು, ಡೆಸ್ಕಿಗೊಂದು

ಗುಜರಿಯವನು ಹಲಗೆಯನ್ನಷ್ಟೇ ಲೆಕ್ಕ ಹಾಕುತ್ತಾನೆ. ಹಳೆ ಸಾಮಾನು ಬಲ್ಲವನು ಮೂಲ ಪಾಲಿಶ್, ಮೂಲ ಹಿಡಿಕೆ, ಗುರುತಿನ ಅಕ್ಷರ ನೋಡುತ್ತಾನೆ. ಲಿಲಾವಿನ ಪಾವತಿ, ಆ ಮೇಜಿನ ಮುಂದೆ ಕೂತ ಅಜ್ಜನ ಫೋಟೊ ಸಿಕ್ಕರೆ ಅವನ ಮಾತಿನ ಧಾಟಿಯೇ ಬದಲಾಗುತ್ತದೆ. ಹಳೆಯ ಅರಗಿನ ಪಾಲಿಶ್ ಕಿತ್ತು ಕನ್ನಡಿಯಂತೆ ಮಿಂಚಿಸಿದ ಡೆಸ್ಕಿಗೆ ಅವನು ಕೊಡುವುದು ಕಡಿಮೆ.

ಕಾನೂನೂ ತಿಳಿದಿರಲಿ. ನೂರು ವರ್ಷ ದಾಟಿದ ಕುಶಲಕೆಲಸದ ವಸ್ತು 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಅದರ ವ್ಯಾಪಾರ ನಡೆಸುವವರಿಗೆ ಲೈಸೆನ್ಸ್ ಬೇಕು, ತೋರಿಸಲು ಕೇಳಿ. ಖಾಸಗಿಯವರು ಅದನ್ನು ದೇಶದ ಹೊರಗೆ ಸಾಗಿಸುವಂತಿಲ್ಲ. ಅಮೆರಿಕದ ಮಗನ ಮನೆಗೆ ಕಳಿಸೋಣ ಎನ್ನುವವರು ಮೊದಲು ಪುರಾತತ್ವ ಸರ್ವೇಕ್ಷಣ ಇಲಾಖೆಯ ಧಾರವಾಡ ವಲಯ ಕಚೇರಿಯಲ್ಲಿ ವಿಚಾರಿಸಬೇಕು.

7. ಮನೆಯ ಹಿರಿಯರನ್ನು ಕೇಳಿ

ಇದು ಕೊನೆಗೆ ಬಂದರೂ ನೀವು ಮೊದಲು ಮಾಡಬೇಕಾದ ಕೆಲಸ. ಡೆಸ್ಕು ಯಾವ ಕೋಣೆಯಲ್ಲಿತ್ತು, ಯಾರು ತಂದರು, ಕೀಲಿಕೈ ಯಾರ ಸೊಂಟದಲ್ಲಿತ್ತು ಎಂದು ಹೇಳಬಲ್ಲ ಅತ್ತೆಯೋ ಕಾಕಾನೋ ಇದ್ದರೆ, ಇವತ್ತೇ ಕೇಳಿ ಬರೆದುಕೊಳ್ಳಿ. ಆ ಕಾಗದವನ್ನು ಅದೇ ಡೆಸ್ಕಿನ ಡ್ರಾವರಿನಲ್ಲಿಡಿ.