ಹಳೇ ಪ್ರಶ್ನೆಪತ್ರಿಕೆ, ಬಾಯಿಪಾಠದ 48.34 ಮತ್ತು ಹಾರ್ಮೋನಿಕ್ಸ್

ಇಂಟರ್ನಲ್ಸ್ ಹತ್ರ ಬಂದ್ರೆ ನಾವು ಮೊದಲು ಹುಡುಕೋದು ಪುಸ್ತಕ ಅಲ್ಲ, ಹಳೇ ಪ್ರಶ್ನೆಪತ್ರಿಕೆ. ಪವರ್ ಎಲೆಕ್ಟ್ರಾನಿಕ್ಸ್‌ನಲ್ಲಿ ಪದೇ ಪದೇ ಕಣ್ಣಿಗೆ ಬಿದ್ದ ಪ್ರಶ್ನೆ ಇದು: ಸಿಂಗಲ್ ಫೇಸ್ ಬ್ರಿಡ್ಜ್‌ನ ಸಪ್ಲೈ ಕರೆಂಟ್‌ನಲ್ಲಿ ಟೋಟಲ್ ಹಾರ್ಮೋನಿಕ್ ಡಿಸ್ಟಾರ್ಷನ್, ಅಂದ್ರೆ ಟಿಎಚ್‌ಡಿ, ಎಷ್ಟು? ಕಡಿಮೆ ಮಾಡೋದು ಹೇಗೆ? ಉತ್ತರ 48.34%. ನಾವೆಲ್ಲ ಬಾಯಿಪಾಠ ಮಾಡಿದ್ವಿ. ಟೆಸ್ಟ್‌ನಲ್ಲಿ ಬಂದದ್ದು ತ್ರೀ ಫೇಸ್ ಬ್ರಿಡ್ಜ್! ಅದಕ್ಕೂ 48.34 ಬರೆದು, ‘ಮೂರನೇ ಹಾರ್ಮೋನಿಕ್‌ಗೆ ಫಿಲ್ಟರ್ ಹಾಕಬೇಕು’ ಅಂತಲೂ ಸೇರಿಸಿದ್ವಿ. ಎರಡೂ ತಪ್ಪು. ಪೇಪರ್ ವಾಪಸ್ ಬಂದ ಮೇಲೆ ಕೂತು ಕಲಿತದ್ದು ಇಲ್ಲಿದೆ.

ಮೊದಲು ಅಲೆಯ ಆಕಾರ ಬರೆಯಿರಿ

ಲೋಡ್‌ನಲ್ಲಿ ದೊಡ್ಡ ಇಂಡಕ್ಟರ್ ಇದೆ, ಕರೆಂಟ್ 10 ಆಂಪಿಯರ್‌ನಲ್ಲಿ ಸ್ಥಿರ ಅಂತ ಇಟ್ಟುಕೊಳ್ಳೋಣ. ಸಿಂಗಲ್ ಫೇಸ್ ಬ್ರಿಡ್ಜ್‌ನಲ್ಲಿ ಸಪ್ಲೈ ಕರೆಂಟ್ ಅರ್ಧ ಸೈಕಲ್ +10, ಇನ್ನರ್ಧ −10. ಅಂದ್ರೆ ಸ್ಕ್ವೇರ್ ವೇವ್. ಆರ್‌ಎಂಎಸ್ 10, ಅದರಲ್ಲಿ 50 ಹರ್ಟ್ಸ್‌ನ ಫಂಡಮೆಂಟಲ್ 9.003. ವರ್ಗಗಳ ವ್ಯತ್ಯಾಸದ ವರ್ಗಮೂಲ ತೆಗೆದರೆ ಉಳಿಯೋದು 4.352. ಅದನ್ನು 9.003ರಿಂದ ಭಾಗಿಸಿ: 48.34%.

ತ್ರೀ ಫೇಸ್ ಬ್ರಿಡ್ಜ್‌ನಲ್ಲಿ ಪ್ರತಿ ಲೈನ್‌ನಲ್ಲೂ ಕರೆಂಟ್ 120° ಹರಿದು 60° ಸೊನ್ನೆ ಇರುತ್ತೆ. ಆರ್‌ಎಂಎಸ್ 8.165, ಫಂಡಮೆಂಟಲ್ 7.797. ಅದೇ ಲೆಕ್ಕ ಮಾಡಿದರೆ ಟಿಎಚ್‌ಡಿ ಸುಮಾರು 31%. ಸೂತ್ರ ಬದಲಾಗಿಲ್ಲ, ಆಕಾರ ಬದಲಾಗಿದೆ ಅಷ್ಟೇ.

ಯಾವ ಹಾರ್ಮೋನಿಕ್ ಇದೆ, ಅದಕ್ಕೇ ಮದ್ದು

ಸ್ಕ್ವೇರ್ ವೇವ್‌ನಲ್ಲಿ 3, 5, 7 ಹೀಗೆ ಎಲ್ಲಾ ಬೆಸ ಹಾರ್ಮೋನಿಕ್ಸ್ ಇರುತ್ತವೆ. ಮೂರನೆಯದು ಫಂಡಮೆಂಟಲ್‌ನ ಮೂರನೇ ಒಂದು ಭಾಗ, ಐದನೆಯದು ಐದನೇ ಒಂದು ಭಾಗ. ಆದರೆ 120° ಅಲೆಯಲ್ಲಿ 3, 9, 15 ಇರೋದೇ ಇಲ್ಲ. ಶುರುವಾಗೋದು 5, 7, 11, 13ರಿಂದ. ಅಲ್ಲಿ 150 ಹರ್ಟ್ಸ್‌ಗೆ ಫಿಲ್ಟರ್ ಹಾಕೋದು ಅಂದ್ರೆ ಇಲ್ಲದ ರೋಗಕ್ಕೆ ಮಾತ್ರೆ ನುಂಗಿದ ಹಾಗೆ!

ಸರಿಯಾದ ಮದ್ದು ಎರಡು:

1. ಟ್ಯೂನ್ಡ್ ಫಿಲ್ಟರ್: ಎಲ್ ಮತ್ತು ಸಿ ಸೀರೀಸ್‌ನಲ್ಲಿಟ್ಟು, ಅವುಗಳ ರೆಸೊನೆನ್ಸ್ 250 ಹರ್ಟ್ಸ್‌ಗೆ ಬರುವಂತೆ ಆರಿಸಿ ಲೈನ್‌ಗೆ ಅಡ್ಡಲಾಗಿ ಜೋಡಿಸೋದು. ಐದನೇ ಹಾರ್ಮೋನಿಕ್‌ಗೆ ಆ ದಾರಿಯೇ ಸುಲಭ, ಹಾಗಾಗಿ ಸಪ್ಲೈ ಕಡೆಗೆ ಹೋಗೋದು ಕಡಿಮೆ. ಏಳನೆಯದಕ್ಕೆ 350 ಹರ್ಟ್ಸ್‌ನ ಇನ್ನೊಂದು ಬೇಕು.

2. 12-ಪಲ್ಸ್ ಕನ್ವರ್ಟರ್: ಎರಡು ಬ್ರಿಡ್ಜ್, ಒಂದಕ್ಕೆ ಸ್ಟಾರ್-ಸ್ಟಾರ್, ಇನ್ನೊಂದಕ್ಕೆ ಸ್ಟಾರ್-ಡೆಲ್ಟಾ ಟ್ರಾನ್ಸ್‌ಫಾರ್ಮರ್. ನಡುವಿನ 30° ಅಂತರದಿಂದ ಎರಡರ 5 ಮತ್ತು 7 ಸಪ್ಲೈ ಕಡೆ ಒಂದನ್ನೊಂದು ಹೊಡೆದುಹಾಕುತ್ತವೆ. ಉಳಿಯೋದು 11, 13 ಮತ್ತು ಮೇಲಿನವು.

ಹಳೇ ಪೇಪರ್ ಬಿಡಿ ಅಂತ ನಾವು ಹೇಳ್ತಿಲ್ಲ. ಉತ್ತರ ಮುಚ್ಚಿಟ್ಟು, ಪ್ರಶ್ನೆಯಲ್ಲಿ ಒಂದು ವಿಷಯ ಬದಲಾಯಿಸಿ ಮತ್ತೆ ಬಿಡಿಸಿ. ಈಗಲೇ ಒಂದು: ಮೇಲಿನ ಸಿಂಗಲ್ ಫೇಸ್ ಬ್ರಿಡ್ಜ್‌ನಲ್ಲಿ ಡಯೋಡ್ ಬದಲು ಥೈರಿಸ್ಟರ್ ಹಾಕಿ, ಫೈರಿಂಗ್ ಆ್ಯಂಗಲ್ 60° ಮಾಡಿದರೆ ಟಿಎಚ್‌ಡಿ ಎಷ್ಟು? ಲೋಡ್ ಕರೆಂಟ್ ಅದೇ 10. ಅಲೆಯ ಆಕಾರ ಬದಲಾಯ್ತಾ, ಇಲ್ಲಾ ಬರೀ ಜಾಗ ಬದಲಾಯ್ತಾ? ಚಿತ್ರ ಬರೆದು ನೋಡಿ.